ಉಚಿತ ಕಾಲೇಜು ಪಾಠಗಳು: ಓದಲು ಎಲ್ಲಿ, ಕ್ರೆಡಿಟ್‌ಗೆ ಎಲ್ಲಿ

ಪದವಿ ವಿದ್ಯಾರ್ಥಿಗೆ ಬೇಕಾದ ಪಾಠ ಸಾಮಗ್ರಿಯ ದೊಡ್ಡ ಭಾಗ ಇಂದು ಅಂತರ್ಜಾಲದಲ್ಲಿ ಹಣವಿಲ್ಲದೆ ಸಿಗುತ್ತದೆ. ಆದರೆ ಓದಲು ಸಿಗುವುದು ಬೇರೆ, ಅಂಕಪಟ್ಟಿಗೆ ಸೇರುವುದು ಬೇರೆ. ಇದು ತಿಳಿಯದೆ ಒಂದು ಸೆಮಿಸ್ಟರ್ ಪೂರ್ತಿ ಪಾಠ ಕೇಳಿದರೂ ಕ್ರೆಡಿಟ್ ಕೈತಪ್ಪಬಹುದು.

ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ವಾಣಿಜ್ಯ ಓದುವವರಿಗೆ ಇಗ್ನೊ ವಿಶ್ವವಿದ್ಯಾಲಯದ ‘ಇ-ಜ್ಞಾನಕೋಶ’ ಮೊದಲ ಆಯ್ಕೆಯಾಗಬೇಕು. ಅಲ್ಲಿರುವುದು ಅಂಚೆ ಶಿಕ್ಷಣದ ಮುದ್ರಿತ ಪುಸ್ತಕಗಳೇ. ಮೇಷ್ಟ್ರು ಎದುರಿಗಿಲ್ಲದವರಿಗಾಗಿ ಬರೆದವು. ಪಾಠದ ನಡುವೆ ಪ್ರಶ್ನೆ, ಕೊನೆಯಲ್ಲಿ ಉತ್ತರದ ಸುಳಿವು ಇರುತ್ತವೆ. ಯಾವುದೋ ನೋಟ್ಸ್ ಜೆರಾಕ್ಸ್ ಮಾಡಿಸುವುದಕ್ಕಿಂತ ಇದು ಎಷ್ಟೋ ವಾಸಿ. ಸ್ನಾತಕೋತ್ತರ ವಿಷಯಗಳಿಗೆ ಯುಜಿಸಿಯ ‘ಇ-ಪಿಜಿ ಪಾಠಶಾಲಾ’ ಇದೆ. ಪಿಎಚ್‌ಡಿ ಪ್ರಬಂಧಗಳು ‘ಶೋಧಗಂಗಾ’ದಲ್ಲಿ ಸಿಗುತ್ತವೆ.

ಎಂಜಿನಿಯರಿಂಗ್ ಮತ್ತು ವಿಜ್ಞಾನಕ್ಕೆ ಎನ್‌ಪಿಟಿಇಎಲ್. ಏಳು ಐಐಟಿಗಳು ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಯೋಜನೆ ಇದು. ಅಮೆರಿಕದ ಎಂಐಟಿ 2001ರಲ್ಲಿ ಪ್ರಕಟಿಸಿದ ‘ಓಪನ್ ಕೋರ್ಸ್‌ವೇರ್’ ಕೂಡ ಎಲ್ಲರಿಗೂ ತೆರೆದಿದೆ. ಹಳೆಯ ಪ್ರಶ್ನೆಪತ್ರಿಕೆ, ಅಸೈನ್‌ಮೆಂಟ್‌ಗಳು ಅದರ ಬಲ. ಆದರೆ ಅಲ್ಲಿ ಕ್ರೆಡಿಟ್ ಆಗಲಿ ಪ್ರಮಾಣಪತ್ರವಾಗಲಿ ಕೊಡುವುದಿಲ್ಲ.

ಕ್ರೆಡಿಟ್ ಬೇಕಾದವರು ನೋಡಬೇಕಾದದ್ದು ಕೇಂದ್ರ ಸರ್ಕಾರದ ‘ಸ್ವಯಂ’. 2017ರ ಜುಲೈ 9ರಂದು ಉದ್ಘಾಟನೆಯಾದ ಈ ವೇದಿಕೆಯಲ್ಲಿ ಎನ್‌ಪಿಟಿಇಎಲ್ ಕೋರ್ಸುಗಳೂ ಸೇರಿವೆ. ಮ್ಯಾನೇಜ್‌ಮೆಂಟ್ ವಿಷಯಗಳ ಹೊಣೆ ಐಐಎಂ ಬೆಂಗಳೂರಿನದು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ‘ಸ್ವಯಂ’ ಮೂಲಕ ಮಾಡಲು ಯುಜಿಸಿಯ 2021ರ ನಿಯಮ ಅವಕಾಶ ಕೊಡುತ್ತದೆ. 2016ರ ನಿಯಮದಲ್ಲಿ ಈ ಮಿತಿ ಶೇ. 20 ಇತ್ತು. ಅವಕಾಶ ಇದೆ ಎಂದ ಮಾತ್ರಕ್ಕೆ ಪ್ರತಿ ಕೋರ್ಸಿಗೂ ಕ್ರೆಡಿಟ್ ಸಿಗುತ್ತದೆ ಎಂದಲ್ಲ. ಯಾವ ಕೋರ್ಸನ್ನು ಒಪ್ಪಬೇಕೆಂದು ತೀರ್ಮಾನಿಸುವುದು ವಿದ್ಯಾರ್ಥಿಯ ಕಾಲೇಜು ಅಥವಾ ವಿಶ್ವವಿದ್ಯಾಲಯ. ಆದ್ದರಿಂದ ಹೆಸರು ನೋಂದಾಯಿಸುವ ಮೊದಲೇ ಕಾಲೇಜಿನ ‘ಸ್ವಯಂ’ ಸಂಯೋಜಕರನ್ನು ಕಂಡು, ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು.

ಎಡವುವ ಇನ್ನೊಂದು ಜಾಗ ಪರೀಕ್ಷೆ. ಕೋರ್ಸಿಗೆ ಸೇರುವುದು ಉಚಿತ. ಪರೀಕ್ಷೆಗೆ ಬೇರೆಯಾಗಿ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು, ನಿಗದಿಯಾದ ಕೇಂದ್ರಕ್ಕೆ ಹೋಗಿ ಬರೆಯಬೇಕು. ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ವಾರದ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಪ್ರಮಾಣಪತ್ರಕ್ಕೆ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬರಲೇಬೇಕು. ಪರೀಕ್ಷೆ ಚೆನ್ನಾಗಿ ಬರೆದರೂ ಅಸೈನ್‌ಮೆಂಟ್ ಬಿಟ್ಟವರಿಗೆ ಪ್ರಮಾಣಪತ್ರವಿಲ್ಲ.

ಭಾಷೆಯ ತೊಡಕು ಮಾತ್ರ ಉಳಿದೇ ಇದೆ. ಇ-ಜ್ಞಾನಕೋಶದ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿವೆ. ಎನ್‌ಪಿಟಿಇಎಲ್‌ನ ಕೆಲವು ಕೋರ್ಸುಗಳ ಪಾಠದ ಬರಹ ಕನ್ನಡದಲ್ಲಿ ಸಿಗುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಮೊದಲು ಅದನ್ನು ಓದಿಕೊಂಡು, ನಂತರ ಇಂಗ್ಲಿಷ್ ವಿಡಿಯೊ ನೋಡಿದರೆ ಪಾರಿಭಾಷಿಕ ಪದಗಳ ಭಯ ಕಡಿಮೆಯಾಗುತ್ತದೆ. ಕೋರ್ಸುಗಳು ಸಾಮಾನ್ಯವಾಗಿ ಜನವರಿ ಮತ್ತು ಜುಲೈನಲ್ಲಿ ಶುರುವಾಗುವುದರಿಂದ ಕಾಲೇಜಿನ ಒಪ್ಪಿಗೆಯ ಕೆಲಸವನ್ನು ಅದಕ್ಕೂ ಮುಂಚೆ ಮುಗಿಸಿಕೊಂಡಿರಬೇಕು.