ಎಪ್ಪತ್ತು ವರ್ಷದ ಊರಿನ ‘ಹಳೆಯ’ ಕಟ್ಟಡಗಳು

ಚರಿತ್ರೆ ನೋಡಲು ಹೊರಟವರು ಹಂಪೆಗೋ ಬಾದಾಮಿಗೋ ಹೋಗುತ್ತಾರೆ. ಚಂಡೀಗಢ ಯಾರಿಗೂ ಥಟ್ಟನೆ ನೆನಪಾಗುವುದಿಲ್ಲ. ಅಲ್ಲಿ ನೋಡಬೇಕಾದದ್ದು ಕಲ್ಲಿನ ಕೆತ್ತನೆಯನ್ನಲ್ಲ, ಬಣ್ಣ ಬಳಿಯದ ಕಾಂಕ್ರೀಟನ್ನು. ಆದರೂ 2016ರಲ್ಲಿ ಯುನೆಸ್ಕೊ ಅಲ್ಲಿನ ‘ಕ್ಯಾಪಿಟಲ್ ಕಾಂಪ್ಲೆಕ್ಸ್’ಗೆ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಜಾಗ ಕೊಟ್ಟಿತು.

ದೇಶ ವಿಭಜನೆಯಾದಾಗ ಲಾಹೋರ್ ಪಾಕಿಸ್ತಾನದ ಪಾಲಾಯಿತು. ಭಾರತದ ಪಂಜಾಬಿಗೆ ರಾಜಧಾನಿಯೇ ಇಲ್ಲದಾಯಿತು. ಶಿವಾಲಿಕ್ ಬೆಟ್ಟಗಳ ತಪ್ಪಲಿನಲ್ಲಿ ಹೊಸ ಊರಿನ ನಕ್ಷೆ ಬರೆಯುವ ಹೊಣೆ ಮೊದಲು ಅಮೆರಿಕದ ಆಲ್ಬರ್ಟ್ ಮೇಯರ್ ಅವರಿಗೆ ಬಂತು. ಅವರ ಸಹೋದ್ಯೋಗಿ ಮ್ಯಾಥ್ಯೂ ನೊವಿಟ್ಸ್ಕಿ 1950ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಕೆಲಸ ಲೆ ಕಾರ್ಬೂಸಿಯೆ ಕೈಸೇರಿತು. ಅವರೊಂದಿಗೆ ಸೋದರಸಂಬಂಧಿ ಪಿಯರ್ ಜನ್ನರೆ, ಮ್ಯಾಕ್ಸ್‌ವೆಲ್ ಫ್ರೈ, ಜೇನ್ ಡ್ರೂ ಹಾಗೂ ಭಾರತದ ಯುವ ವಾಸ್ತುಶಿಲ್ಪಿಗಳೂ ಇದ್ದರು. 1953ರಲ್ಲಿ ನಗರದ ಉದ್ಘಾಟನೆಯಾಯಿತು.

ಆ ನೆಲವೇನೂ ಬರಿದಾಗಿರಲಿಲ್ಲ. ಊರಿನ ಹೆಸರೇ ಅಲ್ಲಿಗೆ ಸಮೀಪದ ಚಂಡಿ ದೇವಿಯ ಗುಡಿಯಿಂದ ಬಂದದ್ದು. ಎಷ್ಟೋ ಹಳ್ಳಿಗಳನ್ನು ಎತ್ತಿಸಲಾಯಿತು. ಬುರೈಲ್, ಅಟ್ಟಾವದಂಥವು ಮಾತ್ರ ಗೆರೆ ಎಳೆದಂತಿರುವ ಸೆಕ್ಟರುಗಳ ನಡುವೆ ಇಕ್ಕಟ್ಟಿನ ಓಣಿಗಳೊಡನೆ ಇಂದಿಗೂ ಉಳಿದಿವೆ. ಪ್ರವಾಸಿಗರು ಅತ್ತ ಸುಳಿಯುವುದು ಅಪರೂಪ, ಇದು ದುರದೃಷ್ಟ.

ಕ್ಯಾಪಿಟಲ್ ಕಾಂಪ್ಲೆಕ್ಸ್‌ಗೆ ಗುರುತಿನ ಚೀಟಿ ತೋರಿಸಿ, ಮಾರ್ಗದರ್ಶಿಯ ಹಿಂದೆಯೇ ಹೋಗಬೇಕು. ಕಾರಣ ಸರಳ. ಇದು ಪಾಳುಬಿದ್ದ ಸ್ಮಾರಕವಲ್ಲ, ಕಚೇರಿ. 1966ರಲ್ಲಿ ಹರಿಯಾಣ ಬೇರೆಯಾದ ಮೇಲೆ ಒಂದೇ ವಿಧಾನಸಭಾ ಕಟ್ಟಡ ಎರಡು ರಾಜ್ಯಗಳಿಗೆ ಹಂಚಿಹೋಯಿತು. ಗಾಳಿ ಬೀಸಿದತ್ತ ತಿರುಗುವ 26 ಮೀಟರ್ ಎತ್ತರದ ‘ತೆರೆದ ಹಸ್ತ’ವನ್ನು ಕಾರ್ಬೂಸಿಯೆ ಕಣ್ಣಾರೆ ನೋಡಲಿಲ್ಲ. ಅವರು ತೀರಿಕೊಂಡದ್ದು 1965ರಲ್ಲಿ, ಅದು ಎದ್ದು ನಿಂತದ್ದು 1985ರಲ್ಲಿ.

ಬಳಕೆಯಲ್ಲಿರುವ ಕಟ್ಟಡವನ್ನು ಕಾಪಾಡುವುದು ಪಾಳು ಗುಡಿಯನ್ನು ಕಾಪಾಡುವುದಕ್ಕಿಂತ ಕಷ್ಟ. 1955ರಲ್ಲಿ ನೆಹರೂ ಉದ್ಘಾಟಿಸಿದ ಹೈಕೋರ್ಟಿನ ಸಂಗತಿಯನ್ನೇ ನೋಡಿ. ಮಳೆ ಬಿಸಿಲಿಗೆ ಆಸರೆಯಾಗಲೆಂದು ಒಂದನೇ ಕೋರ್ಟ್ ಹಾಲಿನ ಮುಂದೆ ವರಾಂಡ ಕಟ್ಟಿ ಎಂದು 2024ರಲ್ಲಿ ಆ ನ್ಯಾಯಾಲಯವೇ ಆದೇಶಿಸಿತು. ಯುನೆಸ್ಕೊ ಮನ್ನಣೆಗೆ ಧಕ್ಕೆಯಾದೀತೆಂದು ಆಡಳಿತ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವರಾಂಡದ ಆದೇಶವನ್ನು ಎತ್ತಿಹಿಡಿಯಿತು. ಅದಕ್ಕೂ ಮೊದಲು, 2023ರಲ್ಲಿ, ಮೊದಲ ಮೂವತ್ತು ಸೆಕ್ಟರುಗಳ ಮನೆಗಳನ್ನು ಅಪಾರ್ಟ್‌ಮೆಂಟುಗಳಾಗಿ ಒಡೆಯಬಾರದೆಂದು ಹೇಳಿದ್ದೂ ಸುಪ್ರೀಂ ಕೋರ್ಟೇ.

ಕುರ್ಚಿಗಳ ಕಥೆ ಇನ್ನೂ ವಿಚಿತ್ರ. ಜನ್ನರೆ ಮತ್ತು ಸಂಗಡಿಗರು ಕಚೇರಿಗಳಿಗಾಗಿ ತೇಗ, ಬೆತ್ತದಲ್ಲಿ ರೂಪಿಸಿದ ಪೀಠೋಪಕರಣಗಳು ಹಳತಾದವೆಂದು ಗುಜರಿಗೆ ಹೋದವು. ವಿದೇಶಿ ವ್ಯಾಪಾರಿಗಳು ಅವನ್ನು ಕೊಂಡು, ತಿದ್ದಿ ತೀಡಿ, ಯುರೋಪು ಅಮೆರಿಕದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಮಾರಿದರು. ಮಾರಾಟ ಕೂಡದೆಂದು ಕೇಂದ್ರ ಗೃಹ ಸಚಿವಾಲಯ ಆದೇಶ ಹೊರಡಿಸುವ ಹೊತ್ತಿಗೆ 2011 ಬಂದಿತ್ತು. ಸೆಕ್ಟರ್ 5ರಲ್ಲಿ ಜನ್ನರೆ ವಾಸವಿದ್ದ ಮನೆ ಈಗ ವಸ್ತು ಸಂಗ್ರಹಾಲಯ. ಅವರ ಚಿತಾಭಸ್ಮ ಸುಖನಾ ಕೆರೆಯಲ್ಲಿದೆ.

ಆ ಕೆರೆಯ ಸಮೀಪವೇ ರಾಕ್ ಗಾರ್ಡನ್. ರಸ್ತೆ ಇನ್ಸ್‌ಪೆಕ್ಟರ್ ನೇಕ್ ಚಂದ್ 1957ರಿಂದ ಯಾರಿಗೂ ತಿಳಿಯದಂತೆ ಒಡೆದ ಬಳೆ, ಹೆಂಚು, ಪಿಂಗಾಣಿ ಚೂರುಗಳಿಂದ ಅರಣ್ಯದ ಜಾಗದಲ್ಲಿ ಅದನ್ನು ಕಟ್ಟಿದರು. ನಕ್ಷೆಯಲ್ಲಿ ಇಲ್ಲದ, ಕಾನೂನಿನ ಪ್ರಕಾರ ಕೆಡವಬೇಕಾಗಿದ್ದ ತೋಟ 1976ರಲ್ಲಿ ಜನರಿಗೆ ತೆರೆಯಿತು. 2025ರಲ್ಲಿ ಹೈಕೋರ್ಟಿನ ವಾಹನ ನಿಲುಗಡೆ ಮತ್ತು ರಸ್ತೆಗಾಗಿ ಅದರ ಗೋಡೆಯ ಒಂದು ಭಾಗವನ್ನು ಕೆಡವಿದಾಗ ಊರಿನವರು ಬೀದಿಗಿಳಿದು ಪ್ರತಿಭಟಿಸಿದರು.