ಎಕರೆ: ಒಂದು ಇಂಗ್ಲಿಷ್ ಮಾತಿನ ಅರ್ಥ ಮತ್ತು ಬಳಕೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಯಲ್ಲಿ ಜಮೀನಿನ ಮಾತೆತ್ತಿದರೂ ನಮ್ಮ ಕಿವಿಗೆ ಬೀಳುವ ಮೊದಲ ಪದ 'ಎಕರೆ'. ಇಂಗ್ಲಿಷಿನ ಗಂಧವೇ ಇಲ್ಲದ ವೃದ್ಧರೂ 'ಎಲ್ಡೆಕ್ರೆ', 'ಮೂರೆಕ್ರೆ' ಎಂದು ಸಲೀಸಾಗಿ ನುಡಿಯುತ್ತಾರೆ. 'ಮೂರು ಕೊಳಗ' ಎನ್ನುವಲ್ಲಿ ಹೇಗೋ ಹಾಗೆಯೇ ಇಲ್ಲಿಯೂ ಬಹುವಚನದ ಪ್ರತ್ಯಯವನ್ನು ಹತ್ತಿಸುವುದಿಲ್ಲ. ಇದು ಪರಭಾಷೆಯ ಮಾತೆಂಬ ನೆನಪೂ ಬಹುಮಟ್ಟಿಗೆ ಅಳಿದುಹೋಗಿದೆ. ಆದರೆ ಈ ಮಾತು ಯಾವ ಮಾತನ್ನು ಹಿಂದೆ ಸರಿಸಿ ಬಂದಿತೆಂಬುದನ್ನು ಶಾಸನಗಳನ್ನು ಓದುವ ನಾವು ಮರೆಯುವಂತಿಲ್ಲ.

ಈ ಪ್ರಾಂತದ ಶಾಸನಗಳಲ್ಲಿ ದತ್ತಿಯ ಭೂಮಿಯನ್ನು ಖಂಡುಗ, ಸಲಗೆ, ಕೊಳಗಗಳಲ್ಲಿ ಹೇಳಿದೆ. ಖಂಡುಗವು ಮೂಲತಃ ಧಾನ್ಯದ ಅಳತೆ. 20 ಕೊಳಗಕ್ಕೆ ಒಂದು ಖಂಡುಗ. ಒಂದು ಖಂಡುಗ ಬೀಜವನ್ನು ಬಿತ್ತಲು ಎಷ್ಟು ನೆಲ ಬೇಕೋ ಅಷ್ಟು ಖಂಡುಗದ ನೆಲ. ಭತ್ತವನ್ನು ಒತ್ತಾಗಿಯೂ ರಾಗಿಯನ್ನು ತೆಳುವಾಗಿಯೂ ಬಿತ್ತುವುದರಿಂದ, ಒಂದೇ ಹೆಸರಿನ ನೆಲ ಗದ್ದೆಯಲ್ಲಿ ಕಿರಿದು, ಹೊಲದಲ್ಲಿ ಹಿರಿದು. ಹಿಂದಿನ ಮೈಸೂರಿನ ಸರ್ಕಾರೀ ಲೆಕ್ಕದಲ್ಲಿ ಗದ್ದೆ ತೋಟಗಳ ಖಂಡುಗಕ್ಕೆ 10,000 ಚದರ ಗಜ, ಬೆದ್ದಲಿನ ಖಂಡುಗಕ್ಕೆ 64,000 ಚದರ ಗಜ. ಎಂದರೆ ಶ್ರೀರಂಗಪಟ್ಟಣದ ಕಾಲುವೆಯ ಕೆಳಗೆ ಒಂದು ಖಂಡುಗದ ಒಡೆಯನಿಗೆ ಎರಡು ಎಕರೆಗೆ ತುಸು ಹೆಚ್ಚು ನೆಲವಿದ್ದರೆ, ನಾಗಮಂಗಲದ ರಾಗಿಯ ಹೊಲದಲ್ಲಿ ಅದೇ ಖಂಡುಗದ ಒಡೆಯನಿಗೆ ಹದಿಮೂರು ಎಕರೆಗೂ ಮೀರಿ ಇರುತ್ತಿತ್ತು. ಸರ್ಕಾರೀ ಲೆಕ್ಕವೇ ಹೀಗಿರುವಾಗ ಊರೂರಿನ ವಾಡಿಕೆಯ ವ್ಯತ್ಯಾಸವನ್ನು ಹೇಳಬೇಕಾದ್ದಿಲ್ಲ.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಬುಕಾನನ್ ಈ ಸೀಮೆಯನ್ನು ಸಂಚರಿಸಿದನು. ಖಂಡುಗದ ಲೆಕ್ಕವನ್ನು ತನ್ನ ದೇಶದವರಿಗೆ ತಿಳಿಸಲು ಅವನು ಅದನ್ನು ಎಕರೆಗೆ ಇಳಿಸಬೇಕಾಯಿತು. ಆಗ ಎಕರೆ ಲಂಡನ್ನಿನ ಓದುಗರ ಮಾತು. ಇಲ್ಲಿನ ರೈತನಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ.

ರೈತನು ಅದನ್ನು ಕಲಿತುದು ಸರಪಳಿಯಿಂದ. ಬೌರಿಂಗ್ ಕಮಿಷನರ್ ಆಗಿದ್ದಾಗ, 1863ರಲ್ಲಿ, ಮುಂಬಯಿಯ ಪದ್ಧತಿಯ ಕಂದಾಯ ಸರ್ವೆಯು ಮೈಸೂರಿನಲ್ಲಿ ಆರಂಭವಾಗಿ ಕ್ರಮೇಣ ಸಂಸ್ಥಾನವನ್ನೆಲ್ಲ ವ್ಯಾಪಿಸಿತು. ಈ ಸರ್ವೆಯ ಸರಪಳಿಯ ಉದ್ದ 33 ಅಡಿ. ಅದನ್ನು ರೂಪಾಯಿಯಂತೆ 16 ಆಣೆಗಳಾಗಿ ಭಾಗಿಸಿತ್ತು. ಸರಪಳಿಯುದ್ದದ ಒಂದು ಚೌಕವೇ ಗುಂಟೆ, ನಾಲ್ವತ್ತು ಗುಂಟೆಗೆ ಒಂದು ಎಕರೆ. ಇಂಗ್ಲಿಷಿನಲ್ಲಿ ಎಕರೆಯ ಕೆಳಗಿನ ರೂಡು, ಪರ್ಚುಗಳು ನಮ್ಮ ರೈತನ ಬಾಯಿಗೆ ಬರಲೇ ಇಲ್ಲ. ಮೇಲಿನ ಅಳತೆ ಪರದೇಶದ್ದು, ಕೆಳಗಿನ ಗುಂಟೆ, ಆಣೆಗಳು ಸ್ವದೇಶದವು. ಮಾತು ಇಷ್ಟು ಬೇಗ ಒಗ್ಗಿದ್ದಕ್ಕೆ ಈ ಬೆಸುಗೆಯೂ ಒಂದು ಕಾರಣವೆಂದು ನಮ್ಮ ಊಹೆ. ಆಣೆಯ ಲೆಕ್ಕ ತಿಳಿದವನಿಗೆ ಸರಪಳಿಯ ಲೆಕ್ಕ ಹೊಸದೇನಲ್ಲ. (ಇಂಗ್ಲೆಂಡಿನಲ್ಲಿಯೂ ಈ ಪದಕ್ಕೆ ಮೊದಲು ಬರಿಯ 'ಹೊಲ' ಎಂದೇ ಅರ್ಥ, ಸಂಸ್ಕೃತದ 'ಅಜ್ರ' ಇದರ ಬಂಧು, ಬಳಿಕ ಒಂದು ಜೊತೆ ಎತ್ತು ಒಂದು ದಿನದಲ್ಲಿ ಉಳುವಷ್ಟು ನೆಲವೆಂದಾಯಿತು. ಅಲ್ಲಿ ಎತ್ತು, ಇಲ್ಲಿ ಬೀಜ!)

ಲಾಭವೇನೋ ಸ್ಪಷ್ಟ. ಅಳತೆ ಎಲ್ಲ ಕಡೆಯೂ ಒಂದೇ ಆದುದರಿಂದ ವಾಡಿಕೆಯ ಹೆಸರಿನಲ್ಲಿ ಹಿಗ್ಗಿಸಿ ಕುಗ್ಗಿಸುವುದಕ್ಕೆ ಅವಕಾಶ ತಪ್ಪಿತು. ಆದರೆ ಖಂಡುಗವು ನೆಲದ ಗುಣವನ್ನು ತನ್ನೊಳಗೇ ಹೇಳುತ್ತಿತ್ತು, ಎಕರೆ ಹೇಳದು. ಆದಕಾರಣ ಖುಷ್ಕಿ, ತರಿ, ಬಾಗಾಯ್ತು ಎಂದು ಬೇರೆಯಾಗಿ ಬರೆದು, ಮಣ್ಣಿಗೂ ಆಣೆಗಳಲ್ಲಿ ದರ್ಜೆ ಕಟ್ಟಬೇಕಾಯಿತು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಗಿ, ಮುಂದೆ ಪಾಂಡವಪುರದ ಕಡೆಯ ಬೆದ್ದಲಿಗೆ ನಾಲೆಯ ನೀರು ಹರಿದಾಗ ಈ ಭೇದ ಇನ್ನೂ ಸ್ಪಷ್ಟವಾಯಿತು. ಹಳೆಯ ಸರ್ಕಾರೀ ಲೆಕ್ಕದಲ್ಲಾದರೆ ಒಂದು ಖಂಡುಗದ ಹೊಲ ಗದ್ದೆಯಾದೊಡನೆ ಆರು ಖಂಡುಗವನ್ನೂ ಮೀರುತ್ತಿತ್ತು. ಎಕರೆಯ ಲೆಕ್ಕದಲ್ಲಿ ನೆಲ ಇದ್ದಷ್ಟೇ ಉಳಿದು, ಅದರ ವರ್ಗ ಮಾತ್ರ ಬದಲಾಯಿತು.

ಶಾಸನದ ಖಂಡುಗವನ್ನು ಒಂದೇ ಸೂತ್ರದಿಂದ ಎಕರೆಗೆ ಪರಿವರ್ತಿಸಿ, 'ದೇವಾಲಯಕ್ಕೆ ಇಷ್ಟು ಎಕರೆ ದತ್ತಿ' ಎಂದು ಬರೆಯುವ ರೂಢಿಯುಂಟು. ತರಗತಿಯಲ್ಲಿ ಪಾಠ ಹೇಳುವಾಗ ನಾವೂ ಹಾಗೆ ಮಾಡಿದ್ದೇವೆ. ಶಾಸನದಲ್ಲಿ 'ಗದ್ದೆ' ಎಂದಿದೆಯೋ 'ಬೆದ್ದಲು' ಎಂದಿದೆಯೋ ನೋಡದೆ ಮಾಡಿದ ಈ ಲೆಕ್ಕ ಆರು ಪಟ್ಟು ತಪ್ಪಾಗಬಹುದು. ಒಂದು ಸಾಮಾನ್ಯ ದತ್ತಿ ಜಹಗೀರಿನಂತೆ ಕಾಣಬಹುದು, ದೊಡ್ಡ ದತ್ತಿ ಹಿತ್ತಿಲಿನಷ್ಟಾಗಬಹುದು. ಅದಕ್ಕಿಂತ, ಖಂಡುಗವೆಂದೇ ಬರೆದು ನೆಲದ ವರ್ಗವನ್ನೂ ಜೊತೆಗೆ ಹೇಳುವುದು ಮೇಲೆಂದು ನಮ್ಮ ಅಭಿಪ್ರಾಯ.

1956ರ ತೂಕ ಮತ್ತು ಅಳತೆಗಳ ಶಾಸನದ ತರುವಾಯ ಸರ್ಕಾರದ ಅಂಕಿ-ಅಂಶಗಳಿಗೆ ಹೆಕ್ಟೇರು ಬಂದಿತು. ಒಂದು ಹೆಕ್ಟೇರಿಗೆ ಸುಮಾರು 2.47 ಎಕರೆ. ಆದರೆ ಅದನ್ನು ಹಿಡಿದು ಯಾರೂ ರೈತನ ಹೊಲಕ್ಕೆ ಬಂದು ಸರಪಳಿ ಎಳೆಯಲಿಲ್ಲ. ಪಹಣಿಯಲ್ಲಿ ಇಂದಿಗೂ ಇರುವುದು ಎಕರೆ ಮತ್ತು ಗುಂಟೆ.