ಕಲ್ಲು ನಮ್ಮದು, ಫಲಕ ಯಾರದು?

1986ರಲ್ಲಿ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬೆಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದು ಬಿತ್ತು. ಮೂರ್ತಿ ಒಡೆಯಿತು. ಪೀಠಕ್ಕೆ ಹಾಕಿದ್ದ ಚಪ್ಪಡಿ ಹೊರಗೆ ಬಂತು. ನೋಡಿದರೆ ಅದು ಅಶೋಕನ ಶಾಸನ! ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಶಾಸನಗಳ ಭಾಗ, ಜೊತೆಗೆ ಒಡಿಶಾದ ಧೌಲಿ, ಜೌಗಡ ಬಿಟ್ಟರೆ ಬೇರೆಲ್ಲೂ ಸಿಗದ ಎರಡು ಪ್ರತ್ಯೇಕ ಶಾಸನಗಳು. ಪರರ ಪಂಥವನ್ನು ಹಳಿಯಬೇಡಿರಿ, ಪ್ರಜೆಗಳೆಲ್ಲ ನನ್ನ ಮಕ್ಕಳಿದ್ದಂತೆ ಎಂದು ಅಧಿಕಾರಿಗಳಿಗೆ ತಾಕೀತು ಮಾಡುವ ಶಾಸನಗಳಿವು. ಅಂಥ ಕಲ್ಲಿನ ನಡುವೆ ತೂತು ಕೊರೆದು ಮೂರ್ತಿ ನಿಲ್ಲಿಸಿದ್ದರು. ಓದುವವರು ಇಲ್ಲದಾದ ಮೇಲೆ ಶಾಸನವೂ ಬರೀ ಹಾಸುಗಲ್ಲು.

ಅಲ್ಲೇ ಸಮೀಪ ಕನಗನಹಳ್ಳಿ. 1994ರಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ ಕೆ.ಪಿ. ಪೂಣಚ್ಚನವರ ನೇತೃತ್ವದಲ್ಲಿ ಅಗೆಯಲು ಸುರು ಮಾಡಿತು. ಮಣ್ಣಿನಡಿಯಿಂದ ಎದ್ದು ಬಂದದ್ದು ‘ಅಧೋಲೋಕ ಮಹಾಚೈತ್ಯ’ ಎಂಬ ಬೌದ್ಧ ಸ್ತೂಪ. ಒಂದು ಚಪ್ಪಡಿಯಲ್ಲಿ ಅಶೋಕ ನಿಂತಿದ್ದಾನೆ, ಪಕ್ಕದಲ್ಲಿ ರಾಣಿ. ಹೆಸರು ಸಮೇತ ಸಿಕ್ಕ ಅಶೋಕನ ಶಿಲ್ಪ ಇದು. ರಾಜ ಅಶೋಕ ಎಂಬರ್ಥದ ಎರಡೇ ಮಾತು ಬ್ರಾಹ್ಮಿ ಲಿಪಿಯಲ್ಲಿ ಕೊರೆದಿದೆ. ಕೊಡೆ ಹಿಡಿದಾಕಿ ಇದ್ದಾಳೆ, ಚಾಮರ ಬೀಸುವಾಕಿ ಇದ್ದಾಳೆ. ಅವರ ಹೆಸರಿಲ್ಲ.

ಇದರಿಂದ ಹಳೆಯ ಕಾಲವೆಲ್ಲ ಹೀಗೇ ಇತ್ತು ಎಂದುಕೊಳ್ಳಬೇಡಿ. ಅದೇ ಸ್ತೂಪದ ಬೇರೆ ಕಲ್ಲುಗಳಲ್ಲಿ ದಾನ ಕೊಟ್ಟವರ ಹೆಸರುಗಳಿವೆ. ಭಿಕ್ಷುಗಳು, ಭಿಕ್ಷುಣಿಯರು, ಗೃಹಸ್ಥರು, ಹೆಂಗಸರು. ರಾಜ ಅಶೋಕನಿಗೆ ಕೊಟ್ಟ ಅಕ್ಷರವನ್ನೇ ಇವರಿಗೂ ಕೊಟ್ಟಿದ್ದಾರೆ. ನಮಗೆ ಈ ಕಲ್ಲುಗಳೇ ದೊಡ್ಡವು. ಆದರೆ ಪತ್ರಿಕೆಗಳಲ್ಲಿ ಅಚ್ಚಾಗೋದು ಅಶೋಕನ ಫೋಟೊ.

ಸ್ತೂಪದ ಕಲ್ಲಾದರೂ ಎಲ್ಲಿಯದು? ಈ ಸೀಮೆಯದೇ ಸುಣ್ಣಕಲ್ಲು, ನಮ್ಮ ಶಾಬಾದಿ ಕಲ್ಲಿನ ಬಳಗದ್ದು. ಶಹಾಬಾದ, ವಾಡಿ, ಚಿತ್ತಾಪುರದ ಖಣಿಗಳಲ್ಲಿ ಇವತ್ತಿಗೂ ಅದನ್ನು ಸೀಳಿ ತೆಗೆಯುವವರು ನಮ್ಮ ಅಣ್ಣತಮ್ಮಂದಿರು. ಉತ್ಖನನ ಎಂದರೆ ಏನ್ರಿ? ಗುದ್ದಲಿ ಹಾಕುವವರು, ಬುಟ್ಟಿ ಹೊರುವವರು, ಮಣ್ಣು ಸಾಣಿಸುವವರು. ಸಂಜೆ ಕೂಲಿ ಎಣಿಸಿಕೊಂಡು ಮನಿಗೆ ಹೋಗುವ ಇವರ ಹೆಸರು ವರದಿಯ ಪುಟಕ್ಕೆ ಬರುವುದು ಅಪರೂಪ. ಮುಂದೆ ವಸ್ತುಸಂಗ್ರಹಾಲಯ ಎದ್ದಾಗ ಇವರ ಮಕ್ಕಳಿಗೆ ಸಿಕ್ಕರೆ ಸಿಗುವುದು ಕಸ ಹೊಡೆಯುವ, ರಾತ್ರಿ ಕಾಯುವ ಕೆಲಸ. ಯಾವ ಕಲ್ಲು ಒಳಗಿರಬೇಕು, ಯಾವುದು ಬಯಲಲ್ಲಿ ಬೀಳಬೇಕು, ಫಲಕದ ಮೇಲೆ ಏನು ಬರೆಯಬೇಕು ಎಂಬುದನ್ನು ಬೇರೆಯವರು ಎಲ್ಲೋ ಕೂತು ತೀರ್ಮಾನಿಸುತ್ತಾರೆ. ಕನಗನಹಳ್ಳಿಯ ಶಿಲ್ಪಗಳು ಎಷ್ಟೋ ವರ್ಷ ಮಳೆಬಿಸಿಲಿಗೆ ಬಿದ್ದಿದ್ದವು. ಸ್ತೂಪದ ದುರಸ್ತಿ ಸುರುವಾದದ್ದು 2022ರಲ್ಲಿ.

ಭಂಡಾರ ಕಾಯುವುದು ಗೌರವದ ಹುದ್ದೆ ಎಂದು ಈ ನೆಲಕ್ಕೆ ಮೊದಲೇ ಗೊತ್ತಿತ್ತು. ಇದೇ ತಾಲೂಕಿನ ನಾಗಾವಿಯ 1058ರ ಶಾಸನದಲ್ಲಿ ಘಟಿಕಾಸ್ಥಾನದ ಲೆಕ್ಕವಿದೆ. ವೇದ ಓದುವವರು 200, ಪುಸ್ತಕ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರು 6. ಈ ಆರು ಮಂದಿಯಲ್ಲಿ ನಮ್ಮ ಕೇರಿಯವರು ಇದ್ದರೇ ಎಂದು ಕೇಳುವ ಅಗತ್ಯವೇ ಇಲ್ಲ.

ಈ ಜಗಳ ನಮ್ಮೊಬ್ಬರದಲ್ಲ. ಕನಗನಹಳ್ಳಿಗೆ ಗುದ್ದಲಿ ಬಿದ್ದ 1994ರಲ್ಲೇ ಅಮೆರಿಕದ ಸ್ಮಿತ್‌ಸೋನಿಯನ್ ಎಂಬ ಭಾರಿ ವಸ್ತುಸಂಗ್ರಹಾಲಯ ಸಂಸ್ಥೆಗೆ ಒಂದು ವರದಿ ಬಂತು. ಮೆಕ್ಸಿಕೊ, ಪೋರ್ಟೊ ರಿಕೊ, ಕ್ಯೂಬಾ ಮೂಲದ ಲ್ಯಾಟಿನೊ ಜನರನ್ನು ಈ ಸಂಸ್ಥೆ ಪ್ರದರ್ಶನದಲ್ಲೂ ನೌಕರಿಯಲ್ಲೂ ಬೇಕಂತಲೇ ಅಲಕ್ಷಿಸಿದೆ ಎಂದು ಸಂಸ್ಥೆಯೇ ನೇಮಿಸಿದ ಸಮಿತಿ ಬರೆದುಕೊಟ್ಟಿತು. ಆಮೇಲೆ ಅವರ ಮಕ್ಕಳಿಗೆ ಆ ಕಸುಬಿನ ತರಬೇತಿ ನಡೆದವು. 2020ರಲ್ಲಿ ಅವರದೇ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕಾನೂನೂ ಆಯಿತು. ಕಾನೂನಾಯಿತೆಂದು ಕಟ್ಟಡ ತಾನಾಗಿ ಏಳಲಿಲ್ಲ, ಆ ಮಾತು ಬೇರೆ. ನಾವು ಹಿಡಿದುಕೊಳ್ಳಬೇಕಾದ್ದು ಇಷ್ಟು: ಅವರು ಮೊದಲು ಎಣಿಸಿದರು.

ನಮ್ಮಲ್ಲೂ ಎಣಿಸಲಿ. ರಾಜ್ಯದ ಪುರಾತತ್ವ ಇಲಾಖೆಯಲ್ಲಿ, ಕಲಬುರಗಿಯ ಗುಮ್ಮಟಗಳಲ್ಲಿ ಸನ್ನತಿಯ ಕಲ್ಲುಗಳನ್ನಿಟ್ಟ ಸರಕಾರಿ ವಸ್ತುಸಂಗ್ರಹಾಲಯದಲ್ಲಿ, ಕ್ಯುರೇಟರ್ ಕುರ್ಚಿಯಲ್ಲಿ ಕೂತ ದಲಿತರು ಎಷ್ಟು, ಬಾಗಿಲಲ್ಲಿ ನಿಂತವರು ಎಷ್ಟು? 2012ರ ತಿದ್ದುಪಡಿಯಿಂದ ಬಂದ 371(ಜೆ) ಕಲಂ ನಮ್ಮ ಭಾಗದವರಿಗೆ ರಾಜ್ಯದ ನೌಕರಿಯಲ್ಲಿ ಪಾಲು ಕೊಟ್ಟಿದೆ. ಆದರೆ ಪ್ರಾಕೃತ, ಬ್ರಾಹ್ಮಿ ಕಲಿಯದ ಹುಡುಗನಿಗೆ ಆ ಪಾಲು ಕ್ಯುರೇಟರ್ ಕುರ್ಚಿಯ ತನಕ ಬಾರದು. ಸನ್ನತಿಯಲ್ಲೇ ತರಬೇತಿ ನಡೆಯಲಿ, ಕಲಿಯುವ ದಿನಕ್ಕೂ ಕೂಲಿ ಕೊಡಲಿ. ಬಿಟ್ಟಿ ತರಬೇತಿ ಉಂಡವರ ಮಕ್ಕಳಿಗೆ ಮಾತ್ರ. ನಮ್ಮ ಹುಡುಗರು ಮೂರನೇ ದಿನಕ್ಕೆ ಖಣಿಗೆ ವಾಪಸ್.

ಸರಕಾರ ಏಳುವ ತನಕ ಮಾಸ್ತರರು ಕಾಯುತ್ತ ಕೂಡಬೇಕಿಲ್ಲ. ನಾಲವಾರ ಸ್ಟೇಷನ್ನಿಗೆ ಇಳಿದು ಮಕ್ಕಳನ್ನು ಸನ್ನತಿಗೆ ಕರಕೊಂಡು ಹೋಗಿ, ದಾನಿಗಳ ಹೆಸರಿರುವ ಕಲ್ಲಿನ ಮುಂದೆ ನಿಲ್ಲಿಸಿರಿ. ಬ್ರಾಹ್ಮಿಯ ‘ಕ’ ಅಂದರೆ ಲೆಕ್ಕದ ಕೂಡಿಸುವ ಗುರುತು, ‘ಠ’ ದುಂಡನೆಯ ಒಂದು ಸೊನ್ನೆ. ಒಂದನೇ ಇಯತ್ತೆಯ ಹುಡುಗಿಗೂ ಬರುತ್ತದೆ.